ಡೀಸೆಲಪ್ಪನವರ ಡಿಕ್ಕಿ

ತಮ್ಮ ಡೀಸೆಲ್ ಕಾರು ತಮಗಿಂತ ಒಂದು ದಿನವಾದರೂ ಹೆಚ್ಚು ಬಾಳಬೇಕು ಎಂದು ಡೀಸೆಲಪ್ಪನವರು ಪಣ ತೊಟ್ಟುಬಿಟ್ಟಿದ್ದರು. ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಬೆಳಿಗ್ಗೆ ಅವರು ಗಾಡಿ ಸ್ಟಾರ್ಟ್ ಮಾಡಿದೊಡನೆ ದಡಬಡನೆ ಕಿಟಕಿ ಮುಚ್ಚಿಕೊಳ್ಳುವ ಬೀದಿಯವರು ಇಟ್ಟದ್ದು. ಮುಖ್ಯ ರಸ್ತೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಬಂದವರ ಕಣ್ಣಿನ ಕೊರತೆಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿಬಿಡುವ ಅವರಿಗೆ ಆ ಕಾರಿನಲ್ಲಿ ಮಾತ್ರ ಯಾವ ಕೊರತೆಯೂ ಕಂಡದ್ದಿಲ್ಲ.

"ಈಗಿನವೆಲ್ಲಾ ತಗಡಿನ ಡಬ್ಬ ಕಣೇ. ಇದು ಕಬ್ಬಿಣ. ಮೊಮ್ಮಕ್ಕಳಿಗೂ ಇದರಲ್ಲೇ ಡ್ರೈವಿಂಗ್ ಕಲಿಸ್ತೀನಿ, ನೋಡ್ತಿರು" ಎಂದು ಅವರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದರು.

ಆದರೆ ಕಂಪನಿ ಆ ಕಾರನ್ನು ಮರೆತು ಯಾವುದೋ ಕಾಲವಾಗಿತ್ತು. ಹೊಸ ಬಿಡಿಭಾಗ ಸಿಗುವುದೇ ನಿಂತುಹೋಗಿತ್ತು. ಬೆಂಕಿ ಬಿದ್ದಾಗ ಬಾವಿ ತೋಡುವ ಪೈಕಿ ತಾವಲ್ಲವಲ್ಲ! ಕೆಡುವ ಮೊದಲೇ ಕೊಂಡಿಡಬೇಕು ಎಂದು ಡೀಸೆಲಪ್ಪನವರು ಗುಜರಿ ಅಂಗಡಿಯ ದಾರಿ ಹಿಡಿದರು.

ಗುಜರಿಯವನು ಮಾತಿನಲ್ಲಿ ಬೆಣ್ಣೆ. ತುಕ್ಕು ಹಿಡಿದ ಒಂದು ಡೀಸೆಲ್ ಪಂಪನ್ನು ಲುಂಗಿಯ ಚುಂಗಿನಿಂದ ಒರೆಸಿ, ಹಸುಗೂಸನ್ನು ಕೊಡುವವನ ಹಾಗೆ ಅವರ ಕೈಗಿಟ್ಟು, "ನಿಮ್ಮ ದಾರೀನೇ ಕಾಯ್ತಾ ಇತ್ತು ಸಾರ್. ಇದರ ಬೆಲೆ ತಿಳಿಯೋ ಕಣ್ಣು ನಿಮಗೊಬ್ಬರಿಗೇ ಇರೋದು" ಎಂದ. ಹೊಗಳಿಕೆಗೆ ಉಬ್ಬದವರುಂಟೇ? ಅಂದು ಪಂಪು ಬಂತು. ಆಮೇಲೆ ಗೇರ್ ಬಾಕ್ಸು ಬಂತು. ಅದು ಒಂಟಿಯಾಗಬಾರದೆಂದು ಕ್ಲಚ್ ಪ್ಲೇಟು, ಬ್ರೇಕ್ ಡ್ರಮ್ಮುಗಳು, ಒಂದು ಸೆಲ್ಫ್ ಮೋಟರು, ಸೈಲೆನ್ಸರು, ಹೀಟರ್ ಪ್ಲಗ್ಗುಗಳು ಬಂದವು.

ತಂದದ್ದನ್ನು ಇಡಬೇಕಲ್ಲ. ಗೇರ್ ಬಾಕ್ಸು ಮಂಚದ ಕೆಳಗೆ ಹೋಯಿತು. ಕ್ಲಚ್ ಪ್ಲೇಟು ಶೋಕೇಸಿನಲ್ಲಿ ಪಿಂಗಾಣಿ ತಟ್ಟೆಗಳ ಸಾಲಿಗೆ ಸೇರಿತು. ಸೈಲೆನ್ಸರನ್ನು ಬಚ್ಚಲಿನ ಅಟ್ಟಕ್ಕೆ ಏರಿಸಿದರು. ಚಮಚದ ಹಿಡಿಯಂಥ ಸಣ್ಣ ಹೀಟರ್ ಪ್ಲಗ್ಗುಗಳು ಕಳೆದುಹೋಗಬಾರದೆಂದು ಅಡುಗೆಮನೆಯ ಚಮಚದ ಡಬ್ಬದಲ್ಲಿ ನಿಲ್ಲಿಸಿದರು. ಹೆಂಡತಿ ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಊರವರ ಗಂಟುಮೂಟೆ ತೂಗಿ ಬರುವವಳು. ಮನೆಗೆ ಬಂದರೆ ಇಲ್ಲೂ ಅದೇ! ಸಹಿಸುವಷ್ಟು ಸಹಿಸಿದಳು.

ಕೆಲಸ ಕೆಡಿಸಿದ್ದು ಅದೇ ಮನೆಯಲ್ಲಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ. ಆಕೆಗೆ ಕಣ್ಣು ಮಂಜು. ಕನ್ನಡಕದ ಅಂಗಡಿಯ ಅಳಿಯ ಇದ್ದೂ ಆಕೆಗೊಂದು ಕನ್ನಡಕವಿಲ್ಲ. ಕೇಳಿದಾಗಲೆಲ್ಲ "ಮುಂದಿನ ವಾರ ಅತ್ತೆ" ಎನ್ನುತ್ತ ಅಳಿಯಂದಿರು ಗುಜರಿಗೆ ಓಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಒಂದು ಬೆಳಿಗ್ಗೆ ಆಕೆ ಚಮಚವೆಂದುಕೊಂಡು ಹೀಟರ್ ಪ್ಲಗ್ಗಿನಿಂದಲೇ ಕಾಫಿಗೆ ಸಕ್ಕರೆ ಕದಡಿ, ಒಂದು ಗುಟುಕು ಕುಡಿದು, ಮಗಳನ್ನು ಕರೆದು, ಇವತ್ತಿನ ಕಾಫಿಗೆ ಅಳಿಯಂದಿರ ವಾಸನೆ ಬರುತ್ತಿದೆ ಎಂದರು.

ಹೆಂಡತಿ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು. ಸಂಜೆಯೊಳಗೆ ಮನೆಯಲ್ಲಿ ಒಂದೇ ಒಂದು ಬೋಲ್ಟು ಕಾಣಕೂಡದು, ಎಲ್ಲವನ್ನೂ ತಂದಲ್ಲಿಗೇ ಕೊಟ್ಟು ಬರಬೇಕು ಎಂದಳು. ಸಂಜೆ ಆಫೀಸಿನಿಂದ ಬಂದು ನೋಡಿದರೆ ಮನೆ ಲಕಲಕ. "ಎಲ್ಲಾ ಕೊಟ್ಟುಬಂದೆ" ಎಂದರು ಡೀಸೆಲಪ್ಪನವರು, ಸರ್ವಸ್ವವನ್ನೂ ತ್ಯಾಗ ಮಾಡಿದವರ ಮುಖ ಮಾಡಿಕೊಂಡು.

ಕೊಟ್ಟಿದ್ದರೆ ತಾನೇ! ಕಾರಿನ ಸಾಮಾನಿಗೆ ಕಾರಿಗಿಂತ ಸುರಕ್ಷಿತವಾದ ಜಾಗ ಯಾವುದು? ಎಲ್ಲವನ್ನೂ ಡಿಕ್ಕಿಗೆ ತುಂಬಿ, ಉಳಿದದ್ದನ್ನು ಹಿಂದಿನ ಸೀಟಿನ ಕೆಳಗೆ ತುರುಕಿ, ಮೇಲೊಂದು ಹಳೆಯ ಕಂಬಳಿ ಹೊದಿಸಿ ಬೀಗ ಜಡಿದಿದ್ದರು.

ಅಲ್ಲಿಂದ ಶುರುವಾಯಿತು ಗಾಡಿಯ ಕಾಯಿಲೆ. ಪಿಕಪ್ ಹೋಯಿತು. ಹೊಗೆ ಕಪ್ಪಾಯಿತು. ಡೀಸೆಲ್ ಕುಡಿಯುವುದು ಹೆಚ್ಚಿತು. ಪಂಪು ಸೋತಿದೆ ಎಂದು ಡೀಸೆಲಪ್ಪನವರು ನಾಡಿ ಹಿಡಿದು ಹೇಳಿದರು. ಡಿಕ್ಕಿಯಲ್ಲೇ ಒಂದು ಪಂಪು ಇತ್ತಲ್ಲ ಎನ್ನುತ್ತೀರಾ? ಇತ್ತು. ಅದನ್ನು ಹಾಕಿಸಿಬಿಟ್ಟರೆ ಇಟ್ಟುಕೊಳ್ಳುವುದಕ್ಕೆ ಏನುಳಿಯಿತು? ಹಾಕಿಸಲು ಒಂದು, ಇಡಲು ಒಂದು ಬೇಡವೇ? ಹೀಗೆ ಎರಡನೆಯ ಪಂಪು ಬಂದು ಡಿಕ್ಕಿ ಸೇರಿತು. ಮಾರನೆಯ ದಿನದಿಂದ ಗಾಡಿ ಇನ್ನೂ ನಿಧಾನವಾಯಿತು. ಎರಡೂ ಪಂಪುಗಳಲ್ಲಿ ಒಂದನ್ನೂ ಹಾಕಿಸಲಿಲ್ಲ. ಈಗ ಅವರಿಗೆ ಗೇರಿನ ಮೇಲೆ ಅನುಮಾನ ಬಂದಿತ್ತು.

ಬ್ರೇಕು ಹಿಡಿಯದಾಯಿತು. ಇನ್ನೆರಡು ಡ್ರಮ್ಮು ತಂದರು. ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಎದುರಿನ ಕಟ್ಟಡದ ಮೂರನೆಯ ಮಹಡಿಗೆ ಬೀಳತೊಡಗಿತು. ಅಲ್ಲಿಯವರು ದಪ್ಪನೆಯ ಪರದೆ ಹಾಕಿಸಿಕೊಂಡರು. ಕಣ್ಣಿನ ವಿಷಯದಲ್ಲಿ ಡೀಸೆಲಪ್ಪನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಾಡಿಗೆ ದೃಷ್ಟಿದೋಷ ಬಂದಿದೆ ಎಂದು ನಿರ್ಧರಿಸಿ ಒಂದು ಜೊತೆ ಹಳೆಯ ಹೆಡ್‌ಲೈಟು ಕೊಂಡು ಡಿಕ್ಕಿಯಲ್ಲಿಟ್ಟರು.

ಕೊನೆಗೆ ಹೆಂಡತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಅವಳ ತಂಗಿಯ ಮನೆ ಗುಡ್ಡದ ಮೇಲಿನ ಬಡಾವಣೆಯಲ್ಲಿ. ಭಾನುವಾರ ಮಧ್ಯಾಹ್ನ ಅಲ್ಲಿ ಊಟ.

"ರೀ, ಭಾನುವಾರ ಈ ಗಾಡಿ ಆ ಏರು ಹತ್ತಿದ್ರೆ ಇನ್ನು ಇದರ ಸುದ್ದಿಗೆ ಬರಲ್ಲ. ನಡುವೆ ನಿಂತ್ರೆ ಸೋಮವಾರ ಗುಜರಿಗೆ."

ಗುಜರಿಯಲ್ಲಿ ಕಾರುಗಳಿಗೆ ಏನು ಮಾಡುತ್ತಾರೆಂದು ಡೀಸೆಲಪ್ಪನವರಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೆ? ಶನಿವಾರವೆಲ್ಲ ಗಾಡಿ ತೊಳೆದರು, ಗಾಳಿ ತುಂಬಿಸಿದರು, ಬಾನೆಟ್ಟಿನ ಮೇಲೆ ಕೈಯಾಡಿಸಿ ನನ್ನ ಮಾನ ಕಾಪಾಡಪ್ಪ ಎಂದು ಬೇಡಿಕೊಂಡರು. ಡಿಕ್ಕಿಯನ್ನು ಮಾತ್ರ ಮುಟ್ಟಲಿಲ್ಲ. ದಾರಿಯಲ್ಲಿ ಕೆಟ್ಟರೆ ಸಾಮಾನು ಬೇಕಲ್ಲ!

ಭಾನುವಾರ ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತರು. ತಲೆ ಚಾವಣಿಗೆ ತಾಗಿತು. ಸೀಟು ಬೆಳೆದಿದೆಯಲ್ಲ ಎಂದು ಆಕೆ ಕೇಳಿದ್ದಕ್ಕೆ, ಹೊಸ ಸ್ಪಂಜು ಹಾಕಿಸಿದ್ದೇನೆ ಎಂದರು ಅಳಿಯಂದಿರು. ಸ್ಪಂಜು ಗಟ್ಟಿಯಾಗಿತ್ತು.

ಏರಿನ ಅರ್ಧದವರೆಗೆ ಕಾರು ಏದುಸಿರು ಬಿಡುತ್ತ ತೆವಳಿತು. ಪಕ್ಕದಲ್ಲಿ ಒಬ್ಬ ಮುದುಕ ತರಕಾರಿ ಚೀಲ ಹಿಡಿದು ನಡೆದೇ ಹಿಂದಿಕ್ಕಿದ. ಆಮೇಲೆ ಢಮಾರ್ ಎಂದಿತು. ಹಿಂದಿನ ಟೈರು ಒಡೆದು ಕಾರು ನಿಂತಿತು. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಜಾಕು ತೆಗೆಯಿರಿ ಎಂದಳು. ಜಾಕು ಇದ್ದದ್ದು ಡಿಕ್ಕಿಯಲ್ಲಿ. ಡೀಸೆಲಪ್ಪನವರು ಜಾಕಿಲ್ಲದೆ ಟೈರು ಬದಲಿಸುವ ಸಾಧ್ಯತೆಗಳ ಬಗ್ಗೆ ಮಾತಾಡತೊಡಗಿದರು. ಅವಳು ಅವರ ಕೈಯಿಂದ ಕೀ ಕಿತ್ತುಕೊಂಡು ಡಿಕ್ಕಿ ತೆರೆದಳು.

ಕಂಬಳಿ ಜಾರಿತು. ಅವಳು ಒಂದು ಪಂಪನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದಳು.

"ಕೊಟ್ಟುಬಂದೆ ಅಂದ್ರಲ್ಲ?"

"ಕೊಡೋಣ ಅಂತಲೇ ಇಟ್ಟಿದ್ದೆ."

"ನಮ್ಮ ಆಫೀಸಲ್ಲಿ ಇಷ್ಟು ತೂಕಕ್ಕೆ ಲಾರಿ ಕರೆಸ್ತೀವಿ."

ಒಂದೊಂದನ್ನೇ ಇಳಿಸಿ ರಸ್ತೆಯ ಬದಿಗೆ ಜೋಡಿಸಿದರು. ಅತ್ತೆಯನ್ನು ಎಬ್ಬಿಸಿ ಸ್ಪಂಜನ್ನೂ ತೆಗೆದರು. ಹಗುರಾದ ಕಾರು ಮಲಗಿದ್ದ ಎಮ್ಮೆ ಎದ್ದಂತೆ ನಿಧಾನವಾಗಿ ಮೇಲೆದ್ದಿತು. ಸ್ಟೆಪ್ನಿ ಹಾಕಿದ ಮೇಲೆ ಹೆಂಡತಿ ಸೀದಾ ಹೋಗಿ ಸ್ಟೇರಿಂಗಿನ ಮುಂದೆ ಕುಳಿತಳು. ಅವಳಿಗೆ ಲೈಸೆನ್ಸು ಇದ್ದರೂ, ಈ ಗಾಡಿಗೆ ಬೇರೆ ಥರದ ಕೈ ಬೇಕೆಂದು ಡೀಸೆಲಪ್ಪನವರು ಒಂದು ದಿನವೂ ಓಡಿಸಲು ಕೊಟ್ಟಿರಲಿಲ್ಲ. ಇಂದು ಅವಳು ಕೇಳಲೂ ಇಲ್ಲ. ಮೇಲಿನ ತಿರುವಿನವರೆಗೆ ಓಡಿಸಿ ನೋಡುತ್ತೇನೆಂದು ಹೇಳಿ ಅಮ್ಮನನ್ನು ಕೂರಿಸಿಕೊಂಡು ಹೊರಟಳು.

ಕಾರು ಜಿಂಕೆಯ ಹಾಗೆ ಏರು ಹತ್ತಿತು.

ಡೀಸೆಲಪ್ಪನವರು ಬಾಯಿ ತೆರೆದು ನಿಂತರು. ಅಷ್ಟರಲ್ಲಿ ಒಬ್ಬ ಬೈಕಿನವನು ನಿಲ್ಲಿಸಿ, ಗೇರ್ ಬಾಕ್ಸು, ಪಂಪು, ಹೆಡ್‌ಲೈಟುಗಳ ರಾಶಿಯನ್ನೂ ನಡುವೆ ನಿಂತಿದ್ದ ಅವರನ್ನೂ ನೋಡಿ ಹೆಲ್ಮೆಟ್ ತೆಗೆದ.

"ಗಾಡಿ ಪೂರ್ತಿ ಬಿಚ್ಚಿಹೋಗಿದೆಯಲ್ಲ ಸಾರ್. ಒಳಗಿದ್ದವರಿಗೆ ಏನೂ ಆಗಿಲ್ಲ ತಾನೆ?"

ಆ ಹೊತ್ತಿಗೆ ಸರಿಯಾಗಿ ಹೆಂಡತಿ ಹಿಂದಿರುಗಿ ಬಂದು, ಒಂದೇ ಸುತ್ತಿನಲ್ಲಿ ಕಾರನ್ನು ಏರಿನ ಕಡೆ ತಿರುಗಿಸಿ ನಿಲ್ಲಿಸಿದಳು. ಬೈಕಿನವನು ಮೆಚ್ಚಿ ತಲೆಯಾಡಿಸಿ ಹೋದ.

"ಗಾಡಿಗೆ ಏನೂ ಆಗಿಲ್ಲ. ಬಂಗಾರದಂಥ ಗಾಡಿ. ಗುಜರಿಗೆ ಕೊಡಲ್ಲ. ಇನ್ನು ಮೇಲೆ ಆಫೀಸಿಗೆ ನಾನೇ ತಗೊಂಡು ಹೋಗ್ತೀನಿ."

ಅವರ ಜೀವ ಹೋಗಿ ಬಂತು. ಬಂದದ್ದು ಪೂರ್ತಿ ಬಂದಿತೋ ಇಲ್ಲವೋ ಎಂದು ನೋಡಿಕೊಳ್ಳುವುದರೊಳಗೆ ಅವಳು ಇನ್ನೊಂದು ಮಾತು ಕೇಳಿದಳು.

"ಊಟಕ್ಕೆ ಹೊತ್ತಾಯ್ತು. ಎರಡರಲ್ಲಿ ಒಂದೇ ಹೊರೆ ಹಾಕ್ಕೋತೀನಿ. ಈ ಸಾಮಾನು ಬರುತ್ತೋ, ನೀವು ಬರ್ತೀರೋ?"

ಹೆಂಡತಿ ಇಂಥದ್ದನ್ನು ಕೇಳಿದಾಗ ಗಂಡನಾದವನು ಯೋಚಿಸಬಾರದು. ಡೀಸೆಲಪ್ಪನವರು ಮೊದಲನೆಯ ಪಂಪಿನ ಕಡೆ ನೋಡಿದರು. ಎರಡನೆಯ ಪಂಪಿನ ಕಡೆ ನೋಡಿದರು. ಯೋಚಿಸಿದರು.

ಕನ್ನಡಕವಿಲ್ಲದ ಅತ್ತೆಗೂ ಅದು ಸ್ಪಷ್ಟವಾಗಿ ಕಂಡಿತು.

"ನಡಿಯಮ್ಮ," ಎಂದರು ಆಕೆ ಹಿಂದಿನ ಸೀಟಿನಲ್ಲಿ ಆರಾಮಾಗಿ ಒರಗಿಕೊಂಡು, "ಅಳಿಯಂದಿರು ಇನ್ನೂ ಆರಿಸ್ತಿದ್ದಾರೆ."

ಕಾರು ಹೊರಟಿತು. ಅವರ ಮುಖಕ್ಕೆ ಒಂದಿಷ್ಟು ಹೊಗೆಯನ್ನೂ ಬಿಡಲಿಲ್ಲ.