ಬ್ಲೌಸ್ ಹೊಲಿಯೋ ಕೈಗೆ ರೇಸ್ ದೋಣಿಯ ಹಾಯಿ

ಸಾರಕ್ಕಿಯಲ್ಲಿ ನಂದೊಂದು ಲೇಡೀಸ್ ಟೈಲರ್ ಅಂಗಡಿ. ಬ್ಲೌಸ್ ಹೊಲ್ಕೊಂಡು ಕೂತಿರೋಳಿಗೆ ಏನು ಮಹಾ ಆಗುತ್ತೆ ಅಂತೀರಾ? ಎದೆ ಧಸಕ್ ಅನ್ನೋದು ನನಗೆ ಮಿಷನ್ ಸದ್ದಿನಷ್ಟೇ ರೂಢಿ. ಆದರೂ ಒಬ್ಬ ಗಿರಾಕಿ ಕೊಟ್ಟಷ್ಟು ಶಾಕು ಬೇರೆ ಯಾರೂ ಕೊಟ್ಟಿಲ್ಲ.

ಅಳತೆ

ಜಯನಗರದ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. ಅಂಗಡಿಯಲ್ಲಿ ಮೂರು ಜನ ಹೆಂಗಸರು ಕಾಯ್ತಾ ಇದ್ದರು. ಆತ ಗಟ್ಟಿಯಾಗಿ, "ಮುಂದೆ ಹೊಟ್ಟೆ ತುಂಬಿಕೊಂಡಿರಬೇಕಮ್ಮ, ಹಿಂದೆ ಚಪ್ಪಟೆ, ಮೇಲೆ ಅಗಲ. ನಿಮ್ಮ ಡಾರ್ಟು ಚೆನ್ನಾಗಿರುತ್ತಂತೆ" ಅಂದರು.

ಹೆಂಡತಿ ವಿಷಯ ಹೀಗೆ ನಾಲ್ಕು ಜನರ ಮುಂದೆ ಹೇಳೋದಾ! ಮೆಲ್ಲಗೆ ಕೇಳಿದೆ, "ಎತ್ತರ ಎಷ್ಟು ಸಾರ್?"

"ಹದಿನೈದು ಅಡಿ."

ಟೇಪು ಕೈಯಿಂದ ಜಾರಿತು. ಒಬ್ಬ ಆಂಟಿ "ಅಯ್ಯೋ ರಾಮ!" ಅಂತ ಎದ್ದೇ ನಿಂತರು.

ಆಮೇಲೆ ಫೋನಲ್ಲಿ ಫೋಟೋ ತೋರಿಸಿದರು. ಫಾರಿನ್ನಿನ ರೇಸ್ ದೋಣಿ, ಅದಕ್ಕೆ ತುದಿ ಅಗಲವಾಗಿರೋ ಹಾಯಿ. ಊರಾಚೆ ಕೆರೆಯಲ್ಲಿ ಇವರದೊಂದು ಪುಟ್ಟ ದೋಣಿ ಇದೆಯಂತೆ, ಒಬ್ಬರೇ ಕೂರೋವಂಥದ್ದು. ಅದಕ್ಕೆ ಇದೇ ಮಾದರಿ ಹಾಯಿ ಚಿಕ್ಕದಾಗಿ ಬೇಕಂತೆ. ಚಪ್ಪಟೆ ಬಟ್ಟೆಗೆ ಡಾರ್ಟ್ ಹಿಡಿದರೆ, ಅಂದರೆ ಅಲ್ಲಲ್ಲಿ ಚೂಪಾಗಿ ಮಡಿಚಿ ಹೊಲಿದರೆ, ಉಬ್ಬು ಬರುತ್ತೆ. ಬ್ಲೌಸಿಗೂ ಅದೇ, ಹಾಯಿಗೂ ಅದೇ. ಎಲ್ಲ ಅರ್ಥವಾಯ್ತು. ಆದರೂ ಬಾಯಿಂದ ಬಂದಿದ್ದು ಅಭ್ಯಾಸದ ಮಾತು: "ಲೈನಿಂಗ್ ಹಾಕ್ಬೇಕಾ ಸಾರ್?"

ಬಟ್ಟೆ

ರೇಸ್ ಹಾಯಿಗೆ ಹತ್ತಿಯೂ ಇಲ್ಲ, ನೂಲೂ ಇಲ್ಲ. ಗಾಜಿನಂಗಿರೋ ಪ್ಲಾಸ್ಟಿಕ್ ಹಾಳೆ, ಮುಟ್ಟಿದ್ರೆ ಚರಚರ. ಅದನ್ನ ನೆಲದ ಮೇಲೆ ಹಾಸಿ ಗುರುತು ಹಾಕ್ತಿದ್ದೆ. ಅಂಗಡಿ ಬಾಡಿಗೆಗೆ ಕೊಟ್ಟಿರೋ ಓನರ್ ಅಜ್ಜಿ ಬಂದರು. ಇದೇ ಜಾಗದಲ್ಲಿ ರಾಗಿ ಬೆಳೆದಿದ್ದ ಮನೆತನದವರು.

"ಇದೇನೇ ಇದು, ಆಕಡೆಯಿಂದ ಈಕಡೆ ಎಲ್ಲಾ ಕಾಣ್ತದಲ್ಲೇ! ಇದನ್ನ ಯಾವೋಳು ಉಡ್ತಾಳೆ?"

"ಹೆಂಗಸರಿಗಲ್ಲ ಅಜ್ಜಿ, ದೋಣಿಗೆ."

ಅಜ್ಜಿ ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ದೋಣಿ ಆದ್ರೇನು? ಅದಕ್ಕೂ ಒಂದು ಮಾನ ಮರ್ಯಾದೆ ಬೇಡ್ವಾ?"

ಟೆರೇಸು

ಹೊಲಿದಾಯ್ತು. ಗಾಳಿಗೆ ಹೇಗೆ ತುಂಬುತ್ತೆ ನೋಡಲೇಬೇಕು ಅಂತ ಮೇಷ್ಟ್ರು ನನ್ನನ್ನ ಮನೆಗೆ ಕರೆಸಿ, ಟೆರೇಸಿನ ಪೈಪಿಗೆ ಹಾಯಿ ಕಟ್ಟಿ, ಹಗ್ಗ ಹಿಡಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಆಷಾಢದ ಗಾಳಿ. ಧಬ್ ಅಂತ ಹಾಯಿ ತುಂಬಿತು ನೋಡಿ, ಕುರ್ಚಿ ಸಮೇತ ಮನುಷ್ಯ ಜರ್ರನೆ ಪ್ಯಾರಾಪೆಟ್ ಕಡೆಗೆ ಹೊರಟರು!

"ಹಗ್ಗ ಬಿಡಿ ಸಾರ್!"

"ಎಳೀತಿದೆ ಕಣಮ್ಮಾ! ಸಖತ್ತಾಗಿ ಎಳೀತಿದೆ!"

ನಾನು ಓಡಿದೆ. ಹಿಂದಿನಿಂದ ಅವರ ಬೆಲ್ಟು ಹಿಡಿದು, ಕಾಲು ಊರಿ ಎಳೆದೆ. ಅಷ್ಟೊತ್ತಿಗೆ ಅವರ ಹೆಂಡತಿ ಕಾಫಿ ತಂದರು. ಮೆಟ್ಟಿಲ ಮೇಲೇ ನಿಂತುಬಿಟ್ಟರು. ಕಣ್ಣು ನನ್ನ ಕೈಯಲ್ಲಿದ್ದ ಬೆಲ್ಟಿನ ಮೇಲೆ.

ನಾನು ಉಸಿರು ಬಿಡುತ್ತಾ ಹೇಳಿದೆ, "ಟ್ರಯಲ್ ನೋಡ್ತಿದ್ವಿ ಮೇಡಂ."

ಕೆರೆ

ಚಿಕ್ಕ ದೋಣಿಗೆ ಅಷ್ಟು ಬಲ ಬೇಡ ಅಂತ ಹಾಯಿಯ ತುದಿ ಒಂದು ಗೇಣು ಕತ್ತರಿಸಿದೆ, ಹಾಯಿ ಸೆಟೆದು ನಿಲ್ಲೋಕೆ ಒಳಗೆ ತೂರಿಸೋ ಪಟ್ಟಿಗಳನ್ನೂ ಮೆತ್ತಗಿನವೇ ಹಾಕಿದೆ. ಕೆರೆಗೆ ನನ್ನನ್ನೂ ಕರಕೊಂಡು ಹೋದರು.

ದೋಣಿ ಹೊರಟಿತು. ಚೆನ್ನಾಗೇ ಹೊರಟಿತು. ದಡದಿಂದ ಸ್ವಲ್ಪ ದೂರದಲ್ಲಿ ಗಾಳಿ ತಿರುಗಿತು, ದೋಣಿ ಒಂದು ಸಲ ವಾಲಿತು, ಮೇಷ್ಟ್ರು ಗುಳುಂ! ಮೇಲೆ ಬರಲೇ ಇಲ್ಲ. ದಡದಲ್ಲಿ ನಾನು ಅಳ್ತಾ ಬೊಬ್ಬೆ ಹಾಕಿದೆ. "ಅಯ್ಯೋ, ನನ್ನ ಹೊಲಿಗೆ ಒಬ್ಬರನ್ನ ನುಂಗಿಬಿಡ್ತಲ್ಲಪ್ಪಾ!" ಅಲ್ಲೇ ಮೀನು ಹಿಡೀತಿದ್ದೋನೊಬ್ಬ ಬಲೆ ಬಿಟ್ಟು ಓಡಿ ಬಂದ.

ಆಗ ಮೇಷ್ಟ್ರು ಎದ್ದು ನಿಂತರು. ನೀರು ಮೊಣಕಾಲಿನವರೆಗೆ. ಮೈಯೆಲ್ಲ ಕೆಸರು, ತಲೆ ಮೇಲೆ ಪಾಚಿ. ನಮ್ಮ ಕಡೆ ನೋಡಲೂ ಇಲ್ಲ. ದೋಣಿ ಅವರನ್ನ ಬಿಟ್ಟು, ನೆಟ್ಟಗೆ, ಮೊದಲಿಗಿಂತ ಎರಡರಷ್ಟು ವೇಗದಲ್ಲಿ ಆಚೆ ದಡಕ್ಕೆ ಹೋಗ್ತಾ ಇತ್ತು. ಅದನ್ನೇ ನೋಡ್ತಾ, ಭಕ್ತಿಯಿಂದ ಹೇಳಿದರು:

"ಕಟಿಂಗ್ ಪರ್ಫೆಕ್ಟ್ ಕಣಮ್ಮ. ನಾನೇ ಜಾಸ್ತಿ ಆಗಿದ್ದೆ."

ನನಗೆ ಅಳು ನಿಂತೇಹೋಯ್ತು. ಇಷ್ಟು ವರ್ಷದ ಸರ್ವೀಸಿನಲ್ಲಿ, ತಪ್ಪು ಹೊಲಿಗೆಯದಲ್ಲ, ಮೈಯದು ಅಂತ ಒಪ್ಪಿಕೊಂಡ ಮೊದಲ ಗಿರಾಕಿ ಆತ.