ಅಧ್ಯಕ್ಷರ ಮಂಡಿನೋವು

ಪಿರಿನ್ ಪರ್ವತಸಾಲಿನ ನಮ್ಮ ವ್ರಾನಿದೋಲ್ ಪುರಸಭೆಯ ವ್ಯಾಪ್ತಿಯಲ್ಲಿ ಹಿಮಕುಸಿತದ ಅಪಾಯಕ್ಕೆ ಐದು ದರ್ಜೆಗಳಿದ್ದು, ನಾಲ್ಕನೆಯದು ಬಂದ ಕೂಡಲೇ ಸ್ಕೀಯಿಂಗ್ ಇಳಿಜಾರಿನ ರೋಪ್‌ವೇ ನಿಲ್ಲಿಸತಕ್ಕದ್ದು. ದರ್ಜೆ ಗೊತ್ತುಮಾಡುವ ಹುದ್ದೆಗೆ ಅಧ್ಯಕ್ಷ ಸ್ಪಾಸ್ ಕರಾಜಿನೋವ್ ಅವರು ಅರ್ಹತೆಯನ್ನು ಕೂಲಂಕಷವಾಗಿ ಪರಿಶೀಲಿಸಿ ತಮ್ಮ ತಂಗಿಯ ಮಗಳು ರುಮ್ಯಾನಾಳನ್ನು ನೇಮಿಸಿದ್ದರು. ಅವಳು ಆ ವಿದ್ಯೆಯನ್ನು ನಿಜಕ್ಕೂ ಕಲಿತಿದ್ದಾಳೆಂಬುದು ನೇಮಕದ ವೇಳೆ ಯಾರ ಗಮನಕ್ಕೂ ಬಂದಿರಲಿಲ್ಲ.

ಚಳಿಗಾಲದ ಉತ್ಸವಕ್ಕೆ ಮುಂಚಿನ ವಾರವಿಡೀ ಹಿಮಗಾಳಿ ಬೀಸಿತು. ಗಾಳಿ ತುಸು ತಗ್ಗಿದಾಗ ರುಮ್ಯಾನಾ ಗುಡ್ಡ ಹತ್ತಿ, ಇಳಿಜಾರಿನ ಅಂಚಿನಲ್ಲಿ ಗುಂಡಿ ತೋಡಿ ನೋಡಿದಳು. ಮೇಲೆ ಹಲಗೆಯಂತೆ ಬಿಗಿದ ಹೊಸ ಹಿಮ, ಅದರಡಿ ಸಕ್ಕರೆಯಂತೆ ಉದುರುವ ಹಳೆಯ ಹಿಮ. ಸಲಿಕೆಯಿಟ್ಟು ಅಂಗೈಯಿಂದ ಮೆಲ್ಲಗೆ ತಟ್ಟಿದ್ದೇ ತಡ, ಮೇಲಿನ ಪದರ ಜಾರಿ ಅವಳ ಮಡಿಲಿಗೇ ಬಂತು. ಇಳಿದು ಬಂದು, ನಾಲ್ಕು ಎಂದಳು.

ಹೋಟೆಲುಗಳೆಲ್ಲ ಭರ್ತಿಯಾಗಿದ್ದವು. ಇಳಿಜಾರಿನ ಬುಡದಲ್ಲಿ ಅಧ್ಯಕ್ಷರ ಬಾಮೈದ ಕಟ್ಟಿಸಿದ್ದ ಗಾಜಿನ ಭೋಜನಶಾಲೆಯ ಉದ್ಘಾಟನೆಯೂ ಉತ್ಸವದ ದಿನವೇ ಇತ್ತು. ಪುರಸಭೆ ತುರ್ತಾಗಿ ಸೇರಿ ಠರಾವು ಮಾಡಿತು: "ನಾಲ್ಕು ಎಂಬ ಸಂಖ್ಯೆಯಿಂದ ಹೋಟೆಲುಗಳ ಭಾವನೆಗೆ ಧಕ್ಕೆಯಾಗುವುದರಿಂದ ಅದನ್ನು ರದ್ದುಪಡಿಸಲಾಗಿದೆ. ಮೂರರ ನಂತರ ಐದು ಬರತಕ್ಕದ್ದು. ಐದನ್ನು ಮಂತ್ರಿಗಳು ಖುದ್ದಾಗಿ ಬಂದು ಘೋಷಿಸತಕ್ಕದ್ದು." ಮಂತ್ರಿಗಳ ಕಾರು ಕಣಿವೆಯ ಹಿಮದಲ್ಲಿ ಹೂತು ನಿಂತಿದ್ದರಿಂದ ಅಪಾಯ ಮೂರಕ್ಕೇ ಇಳಿಯಿತು.

"ಮಾವಾ, ಗುಡ್ಡಕ್ಕೆ ನಿಮ್ಮ ಠರಾವು ಓದೋಕೆ ಬರಲ್ಲ," ಎಂದಳು ರುಮ್ಯಾನಾ.

"ಅದಕ್ಕೆ ತಿಳಿಸಿ ಹೇಳೋದು ನಿನ್ನ ಕೆಲಸ ಕಣಮ್ಮಾ. ನಿನ್ನನ್ನ ಮತ್ಯಾಕೆ ಇಟ್ಕೊಂಡಿರೋದು?"

ಉತ್ಸವದ ಮೊದಲ ಸುತ್ತು ಶಾಲೆಯ ಮಕ್ಕಳದು. ಅದನ್ನು ನೆನೆದರೆ ಅವಳಿಗೆ ಅನ್ನನೀರು ಸೇರಲಿಲ್ಲ. ಅತ್ತು ನೋಡಿದಳು, ಅಮ್ಮನ ಕೈಲೂ ಹೇಳಿಸಿದಳು. ಕೊನೆಗೆ ತಾನೂ ಒಂದು ನಿಯಮ ಸೂಚಿಸಿದಳು: ದರ್ಜೆ ನಿರ್ಧರಿಸಿದವರು ಇಳಿಜಾರಿನ ನಟ್ಟನಡುವೆ ನಿಂತು ದೃಢೀಕರಿಸಿದ ಮೇಲೆಯೇ ರೋಪ್‌ವೇ ತೆರೆಯತಕ್ಕದ್ದು. ಟೀವಿಯವರೂ ಬರುತ್ತಾರೆ ಎಂದಾಗ ಸದಸ್ಯರೆಲ್ಲ ಕೈಯೆತ್ತಿದರು.

ಉತ್ಸವದ ದಿನ ಡೋಲು ಮೊಳಗಿತು, ಮಕ್ಕಳು ಸಾಲುಗಟ್ಟಿದರು. ಅಧ್ಯಕ್ಷರು ಒಮ್ಮೆ ಇಳಿಜಾರನ್ನು, ಒಮ್ಮೆ ಸೋದರಸೊಸೆಯ ಮುಖವನ್ನು ನೋಡಿದರು.

"ನೀನೂ ನಮ್ ಜೊತೆ ಬರ್ತೀಯಲ್ಲ?"

"ಇಲ್ಲ ಮಾವಾ. ಮೂರು ಅಂದಿದ್ದು ನೀವು."

ಅಧ್ಯಕ್ಷರ ಬಲಮಂಡಿ ಅಲ್ಲೇ ಹಿಡಿದುಕೊಂಡಿತು. ಉಪಾಧ್ಯಕ್ಷರಿಗೆ ಎದೆಯಲ್ಲಿ ಕಫ ಕಟ್ಟಿತು. ಇನ್ನೊಬ್ಬರಿಗೆ ಅಜ್ಜಿಯ ತಿಥಿ ಇವತ್ತೇ ಎಂದು ನೆನಪಾಯಿತು. ಸದಸ್ಯರಲ್ಲೇ ಒಬ್ಬರು ವೈದ್ಯರಾಗಿದ್ದು, ತಮ್ಮನ್ನೂ ಸೇರಿಸಿ ಎಲ್ಲರೂ ಅಸ್ವಸ್ಥರೆಂದು ಪ್ರಮಾಣಪತ್ರ ಕೊಟ್ಟರು. ದೃಢೀಕರಣವಾಗದ ಕಾರಣ ರೋಪ್‌ವೇ ತೆರೆಯಲಿಲ್ಲ. ಮಕ್ಕಳು ಅಳುತ್ತ ಮನೆಗೆ ಹೋದರು. ಜನ ರುಮ್ಯಾನಾಳಿಗೆ ಹಿಡಿಶಾಪ ಹಾಕಿದರು.

ಮಧ್ಯಾಹ್ನ ಗುಡ್ಡ ಒಮ್ಮೆ ಗುಡುಗಿತು. ಇಳಿಜಾರಿಗೆ ಇಳಿಜಾರೇ ಕಳಚಿ ಬಂದು, ರೋಪ್‌ವೇ ಕಂಬಗಳನ್ನೂ ಗಾಜಿನ ಭೋಜನಶಾಲೆಯನ್ನೂ ಒಳಗಿದ್ದ ಹುರುಳಿಕಾಯಿ ಬೀಜದ ಸಾರಿನ ಸಮೇತ ಹೊತ್ತೊಯ್ದಿತು. ಉದ್ಘಾಟನೆಯೂ ನಿಂತುಹೋಗಿದ್ದರಿಂದ ಒಳಗೆ ಯಾರೂ ಇರಲಿಲ್ಲ. ಅಧ್ಯಕ್ಷರು ಆ ಬಿಳಿ ಧೂಳನ್ನು ನೋಡುತ್ತಲೇ, "ಮಕ್ಕಳೆಲ್ಲ ಮನೇಲಿದಾವಲ್ಲ?" ಎಂದು ಸೊಸೆಯನ್ನು ಸಣ್ಣ ದನಿಯಲ್ಲಿ ಕೇಳಿದರು.

ಮುಂದಿನ ಸಭೆಯು, ಸದರಿ ಕುಸಿತ ಮೂರನೇ ದರ್ಜೆಯದೇ ಆಗಿದ್ದು ತನ್ನ ಅಧಿಕಾರ ಮೀರಿ ವರ್ತಿಸಿದೆಯೆಂದು ಖಂಡಿಸಿತು. ಆರೋಗ್ಯವನ್ನು ಲೆಕ್ಕಿಸದೆ ಕೆಳಗೇ ಉಳಿದ ಸದಸ್ಯರಿಗೆ ಪದಕ ಕೊಟ್ಟಿತು. ರದ್ದಾದ ಸಂಖ್ಯೆಯನ್ನು ಉಚ್ಚರಿಸಿದ್ದಕ್ಕೆ ರುಮ್ಯಾನಾಳಿಂದ ಕ್ಷಮಾಪಣೆ ಬರೆಸಿಕೊಂಡಿತು. ಜಿಲ್ಲೆಯಲ್ಲಿ ಕುಸಿತವನ್ನು ಮೊದಲೇ ಗ್ರಹಿಸಿದ ಏಕೈಕ ಸಾಧನ ಅಧ್ಯಕ್ಷರ ಮಂಡಿಯೆಂದು ದಾಖಲಿಸಿ, ಇನ್ನು ಮುಂದೆ ಅದರ ಸ್ಥಿತಿಗತಿಯನ್ನೇ ಪ್ರತಿ ಬೆಳಿಗ್ಗೆ ಪ್ರಕಟಿಸಲು ತೀರ್ಮಾನಿಸಿತು.

ರೋಪ್‌ವೇ ಕಂಬಗಳನ್ನು ಮತ್ತೆ ನೆಟ್ಟಾಗಿದೆ. ಈಗ ರಾಜಧಾನಿ ಸೋಫಿಯಾದಿಂದ ಬರುವವರು ಹೋಟೆಲಿಗೆ ಫೋನ್ ಮಾಡಿ ಮೊದಲು ವಿಚಾರಿಸುವುದು ಆ ಮಂಡಿಯನ್ನೇ. ಊರಿನ ಅಜ್ಜಿಯಂದಿರು ಅದರ ಹೆಸರಲ್ಲಿ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ.

ರುಮ್ಯಾನಾ ದಿನವೂ ಗುಡ್ಡ ಹತ್ತಿ, ಗುಂಡಿ ತೋಡಿ, ಹಿಮ ತಟ್ಟಿ ನೋಡಿ ನೇರ ಮಾವನ ಮನೆಗೆ ಬರುತ್ತಾಳೆ. ಮಾವ ಮೊಸರು ತಿನ್ನುತ್ತ ಕಾಯುತ್ತಿರುತ್ತಾರೆ.

"ಇವತ್ತು ನಿಮಗೆ ನೋವಿದೆ ಮಾವಾ."

"ಒಂದು ಮಂಡಿಗಾ, ಎರಡಕ್ಕೂನಾ?"

"ಎರಡಕ್ಕೂ."

ಅಧ್ಯಕ್ಷರು ಊರುಗೋಲು ತೆಗೆದುಕೊಂಡು, ನರಳುತ್ತ ಬಾಲ್ಕನಿಗೆ ಹೋಗಿ ನಿಲ್ಲುತ್ತಾರೆ. ಅದನ್ನು ನೋಡಿದ ಕೂಡಲೇ ಕೆಳಗಿನ ಸಿಬ್ಬಂದಿ ರೋಪ್‌ವೇ ನಿಲ್ಲಿಸುತ್ತಾರೆ.