ಬಾಗಿಲು ಕಡಿದ ಅಳಿಯ

ಮನೆಯಲ್ಲಿ ಗಂಡನ ಮಾತನ್ನು ಹೆಂಡತಿ ಕೇಳುವುದಿಲ್ಲ ಎಂಬುದು ಲೋಕಕ್ಕೇ ಗೊತ್ತಿರುವ ವಿಷಯ. ಬಾಗಿಲೂ ಕೇಳುವುದಿಲ್ಲ ಎಂಬುದನ್ನು ಮಾತ್ರ ನಾನು ಸ್ವಂತ ಅನುಭವದಿಂದ ಕಂಡುಕೊಂಡೆ. ಅಲೆವೂರಿನ ನಮ್ಮ ಮನೆಯ ಬಚ್ಚಲಿನ ಬಾಗಿಲು ಜೂನ್ ಬಂತೆಂದರೆ ನೀರು ಕುಡಿದು ಊದಿಕೊಳ್ಳುತ್ತದೆ. ಆಮೇಲೆ ಅದನ್ನು ಹಾಕಬೇಕಾದರೆ ಭುಜ ಕೊಟ್ಟು ನೂಕಬೇಕು, ಒಳಗಿನಿಂದ ತೆಗೆಯಬೇಕಾದರೆ ಎರಡೂ ಕೈಯಲ್ಲಿ ಹಿಡಿ ಹಿಡಿದು ಜಗ್ಗಬೇಕು. ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಸ್ನಾನಕ್ಕಾಗುವಷ್ಟು ಬೆವರು.

"ಆಚಾರಿಗೆ ಫೋನ್ ಮಾಡಿ ಮಾರಾಯ್ರೇ," ಎಂದು ನನ್ನ ಹೆಂಡತಿ ನಳಿನಾಕ್ಷಿ ಪ್ರತಿ ಮಳೆಗಾಲದಲ್ಲಿಯೂ ಹೇಳುತ್ತಾಳೆ. ನಾನು ಮಾಡುತ್ತೇನೆ. ಮರಗೆಲಸದ ಆಚಾರಿ "ನಾಳೆ ಬರ್ತೇನೆ" ಎನ್ನುತ್ತಾನೆ. ನಾಳೆ ನಾಳೆ ಎನ್ನುತ್ತಾ ದೀಪಾವಳಿ ಬರುತ್ತದೆ, ಬಿಸಿಲಿಗೆ ಬಾಗಿಲು ತಾನಾಗಿಯೇ ಒಣಗಿ ತೆಳ್ಳಗಾಗುತ್ತದೆ, ದಾಂಪತ್ಯ ಉಳಿಯುತ್ತದೆ.

ಈ ವರ್ಷ ಹಾಗೆ ಕಾಯುವಂತಿರಲಿಲ್ಲ. ನಳಿನಾಕ್ಷಿಯ ಅಮ್ಮ, ಅಂದರೆ ನನ್ನ ಅತ್ತೆ ಅಕ್ಕು, ಕಾಪುವಿನಿಂದ ಬಂದಿದ್ದರು. (ನಾನು ಅವರನ್ನು 'ಮಾಮಿ' ಎನ್ನುತ್ತೇನೆ. ಅವರು ನನ್ನನ್ನು ಕರೆಯಲೇಬೇಕಾದಾಗ 'ಅಳಿಯನವರೇ' ಎನ್ನುತ್ತಾರೆ. ಆ 'ನವರೇ'ಯಲ್ಲಿ ಎಷ್ಟು ಗೌರವ, ಎಷ್ಟು ಗುಮಾನಿ ಎಂದು ಮದುವೆಯಾದಾಗಿನಿಂದ ತೂಗುತ್ತಲೇ ಇದ್ದೇನೆ.) ಮಣಿಪಾಲದಲ್ಲಿ, ಸರಿಯಾಗಿ ಕೇಳಿಸದ ಅವರ ಕಿವಿಗೊಂದು ಮಿಷನ್ ಹಾಕಿಸಿದ್ದಾಗಿತ್ತು. ಅದು ಸರಿಯಾಗಿ ಹೊಂದಿಕೊಳ್ಳುವವರೆಗೆ ನಮ್ಮಲ್ಲಿದ್ದು, ಆಮೇಲೆ ಕಾಪುವಿನಲ್ಲಿ ಮಗ ವಿಕಾಸನ ಮನೆಗೆ ಮರಳುವುದು ಎಂದು ಮಾತಾಗಿತ್ತು. ಬಂದ ಮೊದಲ ದಿನವೇ ಮಾಮಿ ಬಚ್ಚಲಿನ ಬಾಗಿಲು ಜಗ್ಗಿ ಜಗ್ಗಿ ಹೊರಬಂದು, ಸೊಂಟ ಹಿಡಿದುಕೊಂಡು ಮಗಳಿಗೆ ಹೇಳಿದರು:

"ಬಾಗಿಲೇ ಸರಿ ಇಲ್ಲದ ಮನೆಗೆ ನಿನ್ನನ್ನು ಕೊಟ್ಟೆವಲ್ಲ ಮಗಾ."

ನಳಿನಾಕ್ಷಿ ನನ್ನನ್ನು ನೋಡಿದಳು. ಆ ನೋಟಕ್ಕೆ ಬಾಗಿಲಾದರೂ ಕುಗ್ಗುತ್ತಿತ್ತು.

ಅದೇ ದಿನ ಪಕ್ಕದ ಮನೆಯ ಇಮ್ಯಾನುಯೆಲ್ ಪೊರ್ಬುಗಳು (ನಮ್ಮ ಕಡೆ ಕ್ರೈಸ್ತ ಗೃಹಸ್ಥರನ್ನು ಗೌರವದಿಂದ ಕರೆಯುವುದು ಹಾಗೆ) ಬೇಲಿಯಾಚೆಯಿಂದ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದರು. ಯಾವನೋ ಒಬ್ಬ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರವನ್ನು ನೆಲಕ್ಕೆ ತಾಗಿಸಿ ಬಾಗಿಲಿನ ಬುಡವನ್ನು ಕೇಕಿನಂತೆ ಕೊಯ್ಯುತ್ತಿದ್ದ. ಬಾಗಿಲು ಕಳಚುವುದೂ ಬೇಡ, ವಯರೂ ಬೇಡ. ಹೆಸರು ಕಾರ್ಡ್‌ಲೆಸ್ ಆಸಿಲೇಟಿಂಗ್ ಮಲ್ಟಿ ಟೂಲ್. ಅದರ ಬ್ಲೇಡು ಗರಗರ ತಿರುಗುವುದಿಲ್ಲ. ಎಡಕ್ಕೂ ಬಲಕ್ಕೂ ಬಹಳ ಬೇಗ ಅಲುಗಾಡುತ್ತದೆ, ಅಷ್ಟೇ. ನಾನು ಏನಾದರೂ ಹೊಸದು ಕೊಳ್ಳುವೆನೆಂದಾಗ ನಳಿನಾಕ್ಷಿಯ ತಲೆ ಅಲುಗಾಡುವಂತೆ. ಕೊಯ್ಯುತ್ತದೆ, ಕೆರೆಯುತ್ತದೆ, ಉಜ್ಜುತ್ತದೆ. (ನಳಿನಾಕ್ಷಿಯೂ ಹಾಗೆಯೇ.)

ಶನಿವಾರ ಉಡುಪಿಗೆ ಹೋದೆ. ಅಂಗಡಿಯಲ್ಲಿ ಎದೆಯ ಮೇಲೆ 'ರಿತೇಶ್' ಎಂದು ಹೆಸರು ಸಿಕ್ಕಿಸಿಕೊಂಡವನು ಕೇಳಿದ:

"ವಯರ್ ಇರುವುದಾ, ಕಾರ್ಡ್‌ಲೆಸ್ಸಾ ಸರ್?"

"ಕಾರ್ಡ್‌ಲೆಸ್. ಈ ಮಳೆಯಲ್ಲಿ ಕರೆಂಟನ್ನು ನಂಬಿ ಕೆಲಸ ಮಾಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಬ್ರಷ್‌ಲೆಸ್ ತಗೊಳ್ಳಿ."

"ಆಯ್ತು. ಪೇಂಟ್ ಹೊಡೆಯುವ ಅಂದಾಜು ನನಗೂ ಇಲ್ಲ. ಬ್ರಷ್ ಬೇಡವೇ ಬೇಡ."

ಅವನು ನನ್ನನ್ನು ಒಂದು ಕ್ಷಣ ನೋಡಿ ಬಿಲ್ಲು ಬರೆಯಲು ತೊಡಗಿದ. ಬ್ರಷ್ ಎಂದರೆ ಮೋಟರಿನ ಹೊಟ್ಟೆಯೊಳಗಿನ ಒಂದು ಭಾಗವೆಂದೂ, ಅದು ಇಲ್ಲದ ಯಂತ್ರಕ್ಕೇ ಬೆಲೆ ಹೆಚ್ಚೆಂದೂ ಆಮೇಲೆ ತಿಳಿಯಿತು. ಇಲ್ಲದ ವಸ್ತುವಿಗೆ ಹೆಚ್ಚು ಕೊಟ್ಟು ಬಂದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

"ಇದು ಬೇರ್ ಟೂಲ್ ಸರ್, ಗೊತ್ತುಂಟಲ್ವಾ?" ಎಂದ ರಿತೇಶ್.

"ಗೊತ್ತುಂಟು ಮಾರಾಯ. ಬೇರೆಯೇ ಟೂಲ್ ಅಂತಲೇ ಅಲ್ವಾ ಇಷ್ಟು ದೂರ ಬಂದದ್ದು?"

ಮನೆಯಲ್ಲಿ ತಾಯಿ ಮಗಳ ಎದುರು ಮಹಾನವಮಿಯ ಆಯುಧಪೂಜೆಯ ಗಾಂಭೀರ್ಯದಿಂದ ಪೆಟ್ಟಿಗೆ ಬಿಚ್ಚಿದೆ. ಯಂತ್ರ ಉಂಟು, ಬ್ಲೇಡುಗಳು ಉಂಟು, ಉಜ್ಜುವ ಮುಕ್ಕೋನದ ಕಾಗದ ಉಂಟು. ಯಂತ್ರದ ಬುಡದಲ್ಲಿ ಮಾತ್ರ ಹಲ್ಲಿಲ್ಲದ ಬಾಯಿಯಂತೆ ಒಂದು ಖಾಲಿ ಜಾಗ.

"ಬ್ಯಾಟರಿ ಎಲ್ಲಿ?" ಎಂದಳು ನಳಿನಾಕ್ಷಿ.

"ಬ್ಯಾಟರಿಯಾ?" ಮಾಮಿ ಕಿವಿ ಮುಟ್ಟಿಕೊಂಡರು. "ನನ್ನದರಲ್ಲಿ ಇನ್ನೂ ಉಂಟು. ಅಳಿಯನವರು ಸುಮ್ಮನೆ ಯಾಕೆ ಖರ್ಚು ಮಾಡಿದ್ದು?"

ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಹದಿನಾರು ಭಾಷೆಗಳ ಒಂದು ಕೈಪಿಡಿ ಬಿತ್ತು. ಅದರಲ್ಲಿ ಕನ್ನಡವೂ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಬೇರ್ ಟೂಲ್ ಎಂದರೆ ಬರೀ ಟೂಲ್, ಬ್ಯಾಟರಿ ಬೇರೆ, ಚಾರ್ಜರ್ ಬೇರೆ ಎಂಬ ವೇದಾಂತ ರಿತೇಶನ ಫೋನಿನಿಂದ ನನಗೆ ಪ್ರಾಪ್ತವಾಯಿತು. ಮತ್ತೆ ಉಡುಪಿಗೆ ಹೋದೆ. ಮತ್ತೆ ಮಳೆಯಲ್ಲಿ ನೆನೆದೆ. ಆ ಕಂಪನಿಯ ಯಂತ್ರಕ್ಕೆ ಆ ಕಂಪನಿಯದ್ದೇ ಬ್ಯಾಟರಿ ಆಗಬೇಕಂತೆ. ಜಾತಿ ನೋಡಿ ಸಂಬಂಧ ಮಾಡುವವರಿಗಿಂತ ಇವರು ಕಟ್ಟುನಿಟ್ಟು.

"ಆಚಾರಿಯ ಕೂಲಿ ಉಳಿಯಿತಲ್ಲ," ಎಂದಳು ನಳಿನಾಕ್ಷಿ, ಚಾರ್ಜರಿನ ದೀಪವನ್ನೇ ನೋಡುತ್ತಾ. ಅವಳ ದನಿಯಲ್ಲಿ ಹಾಗಲಕಾಯಿಯ ರಸವಿತ್ತು.

ಆದಿತ್ಯವಾರ ಬೆಳಗ್ಗೆ ಅವಳು ಪೊರ್ಬುಗಳ ಹೆಂಡತಿ ಬರ್ತಾಬಾಯಿಯ ಜೊತೆ ಮೀನು ತರಲು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನಾನು ಬರುವವರೆಗೆ ಆ ಗುಂಯ್ ಅನ್ನುವುದನ್ನು ಮುಟ್ಟಬೇಡಿ. ಅಮ್ಮನ ಮೇಲೆ ಕಣ್ಣಿಡಿ."

ಮುಟ್ಟಬೇಡಿ ಎಂದ ಮೇಲೆ ಮುಟ್ಟದಿರಲು ನಾನೇನು ಋಷಿಯೇ? ಗೇಟು ಮುಚ್ಚಿದ ಸದ್ದಾಯಿತು. ನಾನು ಬಚ್ಚಲಿನ ಮುಂದೆ ಮಕಾಡೆ ಮಲಗಿದ್ದೆ. ಮೊದಲು ಒತ್ತಿ ಹಿಡಿದೆ. ಮರ ಕೊಯ್ಯುವ ಬದಲು ಸುಟ್ಟು, ಹೊಗೆ ಬಂದು, ಹೋಮದ ವಾಸನೆ ಹರಡಿತು. ಆಮೇಲೆ ಕೈ ಹಗುರ ಮಾಡಿ ಅದರಷ್ಟಕ್ಕೇ ಬಿಟ್ಟೆ. ಆಹಾ! ಬಾಗಿಲಿನ ಬುಡದಿಂದ ಬೆರಳಷ್ಟು ದಪ್ಪದ ಪಟ್ಟಿಯೊಂದು ಕಳಚಿ ಬಂದಾಗ ನನಗೆ ಆದ ಸಂತೋಷ ಮದುವೆಯ ದಿನ ಆಗಿತ್ತೋ ಇಲ್ಲವೋ. ಉಜ್ಜುವ ಕಾಗದ ಹಾಕಿ ಅಂಚನ್ನು ನಯ ಮಾಡಿದೆ. ಇನ್ನು ಹಾಕಿ ತೆಗೆದು ಪರೀಕ್ಷಿಸಬೇಕು, ಅಷ್ಟರಲ್ಲಿ ಮಾಮಿ ಬಟ್ಟೆ ಹಿಡಿದುಕೊಂಡು ಬಂದು, ನನ್ನನ್ನು ದಾಟಿ ಒಳಗೆ ಹೋಗಿ ಚಿಲಕ ಹಾಕಿಬಿಟ್ಟರು. ಎಷ್ಟು ಸಲೀಸಾಗಿ ಬಾಗಿಲು ಮುಚ್ಚಿತು ಎಂಬುದನ್ನು ಗಮನಿಸಬೇಕಾದವನು ಆಗ ನೆಲದ ಮರದ ಹುಡಿ ಗುಡಿಸುತ್ತಿದ್ದ.

ಸ್ವಲ್ಪ ಹೊತ್ತು ನೀರಿನ ಸದ್ದು. ಆಮೇಲೆ ನಿಶ್ಶಬ್ದ. ಆಮೇಲೆ—

ದಬ್. ದಬ್. ದಬ್.

ಪೊರಕೆ ಬಿಸಾಡಿ ಎದ್ದೆ. ಮಾಮಿ ಬಾಗಿಲು ಬಡಿಯುತ್ತಿದ್ದಾರೆ!

"ಮಾಮೀ! ಎಂತ ಆಯ್ತು?"

ದಬ್. ದಬ್.

"ಮಾಮೀ, ಬಾಗಿಲು ಬರುವುದಿಲ್ವಾ?"

ದಬ್ ದಬ್ ದಬ್. ಈಗ ಇನ್ನೂ ಜೋರು. ಪಾಪ, ಕೂಗಲೂ ತ್ರಾಣವಿಲ್ಲ. ಹೊರಗಿನಿಂದ ಭುಜ ಕೊಟ್ಟು ನೂಕಿದೆ. ಬಾಗಿಲು ಮಿಸುಕಲಿಲ್ಲ. ಕೊಯ್ದದ್ದರಿಂದ ವಾಲಿ ಎಲ್ಲೋ ಕಚ್ಚಿಕೊಂಡಿದೆ, ನನ್ನ ಕೈಯಿಂದಲೇ ಅತ್ತೆಯನ್ನು ಬಚ್ಚಲಿನಲ್ಲಿ ಕೂಡಿಹಾಕಿದ್ದೇನೆ, ನಳಿನಾಕ್ಷಿ ಬಂದರೆ ಬಂಗುಡೆ ಮೀನಿನ ಜೊತೆ ನನ್ನನ್ನೂ ಸೀಳುತ್ತಾಳೆ ಎಂದು ಖಾತ್ರಿಯಾಯಿತು. ಬೇಲಿಯ ಹತ್ತಿರ ಓಡಿ ಕೂಗಿದೆ.

ಪೊರ್ಬುಗಳು ಬನಿಯನ್ನಿನಲ್ಲೇ ಬಂದರು. ಇಬ್ಬರೂ ಸೇರಿ ನೂಕಿದೆವು. ಇಲ್ಲ.

"ಕರುಣಾಕರಣ್ಣ, ಫೈರ್ ಬ್ರಿಗೇಡಿಗೆ ಫೋನ್ ಮಾಡುವನಾ?" ಎಂದು ಪೊರ್ಬುಗಳು ನನ್ನನ್ನು ಕೇಳಿದರು.

"ಬೇಡ. ನನ್ನ ಹತ್ತಿರ ಇದು ಉಂಟು," ಎಂದು ಯಂತ್ರವನ್ನು ಎತ್ತಿ ಹಿಡಿದೆ. ಚಿಲಕದ ಪಕ್ಕದ ಪ್ಲೈವುಡ್ಡಿನಲ್ಲಿ ಒಂದು ಚೌಕ ಕಡಿದು, ಒಳಗೆ ಕೈ ಹಾಕಿ ಚಿಲಕ ತೆಗೆಯುವುದು, ಆಮೇಲೆ ಇಬ್ಬರೂ ಸೇರಿ ಒದೆಯುವುದು. ಯೋಜನೆ ಕೇಳಿ ಪೊರ್ಬುಗಳು ಎಷ್ಟು ಪ್ರಭಾವಿತರಾದರೆಂದರೆ, ಫೋನ್ ಮಾಡಲು ತೆಗೆದ ಮೊಬೈಲಿನಲ್ಲಿ ವೀಡಿಯೊ ಮಾಡತೊಡಗಿದರು.

ಕ್ಯಾಮೆರಾ ಕಂಡದ್ದೇ ನನ್ನ ದನಿ ತಾನಾಗಿಯೇ ಯಕ್ಷಗಾನದ ಎತ್ತರಕ್ಕೆ ಏರಿತು. "ಮಾಮೀ, ಹೆದರಬೇಡಿ! ನಾನಿದ್ದೇನೆ! ನಿಮ್ಮನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ!"

ಯಂತ್ರ ಗುಂಯ್ ಎಂದಿತು. ಮೂರು ಬದಿ ಕೊಯ್ಯುವಷ್ಟರಲ್ಲಿ ಬ್ಯಾಟರಿಯ ದೀಪ ಕೆಂಪಾಯಿತು. ನಾಲ್ಕನೆಯ ಬದಿಯ ಅರ್ಧದಲ್ಲಿ ಅದು ಪ್ರಾಣ ಬಿಟ್ಟಿತು. ಉಳಿದದ್ದನ್ನು ಮುಷ್ಟಿಯಿಂದ ಗುದ್ದಿದೆ. ಪ್ಲೈವುಡ್ಡಿನ ಚೌಕ ಒಳಗಿನ ಬಕೆಟ್ಟಿಗೆ ಬಿದ್ದು ಪಚಕ್ ಎಂದಿತು. ನಾನು ತೋಳು ತೂರಿಸಿ ಚಿಲಕಕ್ಕಾಗಿ ತಡಕಾಡಿದೆ.

ಮೊದಲು ಒಂದು ಚೀತ್ಕಾರ. ಆಮೇಲೆ ನನ್ನ ಕೈಯ ಮೇಲೆ ಒದ್ದೆ ಸೀರೆಯ ಪೆಟ್ಟು. ಹಿಂಡಿ ಹುರಿ ಮಾಡಿದ ಒದ್ದೆ ಸೀರೆಯ ಪೆಟ್ಟು ಬಿದ್ದವನಿಗೇ ಗೊತ್ತು. ತೋಳನ್ನು ಎಳೆದುಕೊಳ್ಳೋಣವೆಂದರೆ ಅದು ಪ್ಲೈವುಡ್ಡಿನ ಹಲ್ಲುಗಳಿಗೆ ಸಿಕ್ಕಿಕೊಂಡಿತ್ತು.

"ಕಳ್ಳ! ಕಳ್ಳ! ಓ ಅಳಿಯನವರೇ, ಬೇಗ ಬನ್ನಿ! ಬಚ್ಚಲಿಗೆ ಕಳ್ಳ ಕೈ ಹಾಕಿದ್ದಾನೆ!"

"ಮಾಮೀ, ನಾನೇ! ಅಳಿಯನೇ ನಾನು!"

ದಬ್! ದಬ್! ಈ ಸಲದ ಸದ್ದು ಎಲ್ಲಿಂದ ಬರುತ್ತಿದೆ ಎಂಬುದರ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ.

ಪೊರ್ಬುಗಳು ಒಂದು ಕೈಯಲ್ಲಿ ನನ್ನ ಸೊಂಟ ಹಿಡಿದು ಎಳೆದರು. (ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು.) ತೋಳು ಹೊರಬಂತು. ತೂತಿನಲ್ಲಿ ಮಾಮಿಯ ಒಂದು ಕಣ್ಣು ಕಾಣಿಸಿಕೊಂಡಿತು, ನನ್ನನ್ನು ಗುರುತಿಸಿತು, ಮಾಯವಾಯಿತು. ಚಿಲಕ ಸರಿದ ಸದ್ದು. ಆಮೇಲೆ ಬಾಗಿಲು ಬೆಣ್ಣೆಯಲ್ಲಿ ಕತ್ತಿ ಹೋದಂತೆ, ಒಂದು ಕಿರ್ ಕೂಡ ಎನ್ನದೆ ತೆರೆದುಕೊಂಡಿತು. ಕಟ್ಟಿಸಿದಂದಿನಿಂದ ಅದು ಅಷ್ಟು ಸಲೀಸಾಗಿ ತೆರೆದದ್ದೇ ಇಲ್ಲ.

ಮಾಮಿ ಸ್ನಾನ ಮುಗಿಸಿ, ಸೀರೆ ಉಟ್ಟು, ಬಿಚ್ಚಿಟ್ಟ ಸೀರೆಯನ್ನು ಬಚ್ಚಲಿನ ಕಲ್ಲಿಗೆ ಒಗೆಯುತ್ತಿದ್ದರಂತೆ. ವಾಷಿಂಗ್ ಮಿಷನ್ನಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಕಿವಿಯ ಮಿಷನ್ ಟೀವಿಯ ಪಕ್ಕದ ಡಬ್ಬಿಯಲ್ಲಿ ಬೆಚ್ಚಗೆ ಮಲಗಿತ್ತು.

ನಳಿನಾಕ್ಷಿ ಮೀನಿನ ಚೀಲ ಹಿಡಿದು ಬಂದಳು. ತೂತು ನೋಡಿದಳು, ನನ್ನ ತೋಳಿನ ಬಾಸುಂಡೆ ನೋಡಿದಳು, ಪೊರ್ಬುಗಳ ವೀಡಿಯೊವನ್ನು ಎರಡು ಸಲ ನೋಡಿದಳು. ಬಯ್ಯಲಿಲ್ಲ. ನನ್ನ ಮರ್ಯಾದೆ ಹೋಗಬೇಕಾದ ಜಾಗಕ್ಕೆಲ್ಲ ಹೋಗಲಿ ಎಂದು ವೀಡಿಯೊವನ್ನು ನೇರವಾಗಿ ಕುಟುಂಬದ ಗ್ರೂಪಿಗೆ ಹಾಕಿದಳು. ಕಾಪು ನಕ್ಕಿತು, ಕಾರ್ಕಳ ನಕ್ಕಿತು.

ನಾನು ಮೂಲೆಯಲ್ಲಿ ಕುಳಿತು ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಸತ್ಯ ಹೇಳುತ್ತೇನೆ, ಒಳಗೊಳಗೇ ಒಂದು ಸಮಾಧಾನವೂ ಇತ್ತು. ಇಷ್ಟಾದ ಮೇಲೆ ಮಾಮಿ ಸಿಟ್ಟಾಗಿ ಸಂಜೆಯ ಬಸ್ಸಿಗೇ ಕಾಪುವಿಗೆ ಹೊರಡುತ್ತಾರೆ. ಹೊರಡಲಿ. ಬಾಗಿಲಿಗೆ ತಗಡು ಹೊಡೆದರಾಯಿತು.

ಊಟದ ಮೇಲೆ ಮಾಮಿ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು, "ಎಲ್ಲರೂ ಎಂತ ನಗುವುದು? ನನಗೂ ತೋರಿಸು," ಎಂದರು. ಮಗಳು ತೋರಿಸಿದಳು. ನನ್ನ ಯಕ್ಷಗಾನದ ದನಿ ಕೋಣೆಯಲ್ಲಿ ಮೊಳಗಿತು. 'ನಿಮ್ಮನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ!' ಮಾಮಿ ನಗಲಿಲ್ಲ. ಮತ್ತೊಮ್ಮೆ ಹಾಕಿಸಿದರು. ಮೂರನೆಯ ಸಲಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನು ಒಳಗೆ ಸಿಕ್ಕಿಬಿದ್ದೆ ಅಂತ ಸ್ವಂತ ಮನೆಯ ಬಾಗಿಲನ್ನೇ ಕಡಿದರಲ್ಲ! ಅದೂ ನಾನು ಹೊಡೆಯುವಾಗಲೂ ಕೈ ತೆಗೆಯಲಿಲ್ಲ! ಹೆತ್ತ ಮಗ ಮಾಡ್ತಿದ್ದನಾ ಇದನ್ನು?"

"ಅಮ್ಮಾ, ಕೈ ತೆಗೆಯಲಿಲ್ಲ ಅಲ್ಲ, ಅದು ಸಿಕ್ಕಿಕೊಂಡದ್ದು—"

"ನೀನು ಸುಮ್ಮನಿರು ನಳಿನಾ. ಇಷ್ಟು ವರ್ಷ ನಾನು ಇವರನ್ನು ತಪ್ಪು ತಿಳಿದಿದ್ದೆ." ಮಾಮಿ ನನ್ನ ಕಡೆ ತಿರುಗಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಆ 'ನವರೇ' ಬಿದ್ದುಹೋಯಿತು. "ಅಳಿಯಾ, ನೀವು ಇರುವಾಗ ನಾನು ಕಾಪುವಿಗೆ ಯಾಕೆ ಹೋಗಬೇಕು? ಇನ್ನು ನಾನು ಇಲ್ಲೇ."

ನನ್ನ ಕೈಯ ಎಣ್ಣೆಯ ಕುಪ್ಪಿ ನೆಲಕ್ಕೆ ಬಿತ್ತು. ಅದು ಆನಂದಕ್ಕೆ ಎಂದು ಮಾಮಿ ತಿಳಿದುಕೊಂಡರು.

ಸಂಜೆ ವಿಕಾಸನ ಫೋನ್. "ಭಾವಾ, ವೀಡಿಯೊ ನೋಡಿದೆ. ನಿಮ್ಮಂಥವರು ಇರುವಾಗ ನಮಗೆ ಎಂತ ಚಿಂತೆ? ಅಮ್ಮನ ಸಾಮಾನು ನಾಳೆಯೇ ಕಳಿಸ್ತೇನೆ." ನಾಳೆ ಎಂದವನು ನಾಳೆಯೇ ಕಳಿಸಿದ. (ಆಚಾರಿ ಇವನನ್ನು ನೋಡಿ ಕಲಿಯಬೇಕು.) ಟೆಂಪೋದಿಂದ ಮೊದಲು ಟ್ರಂಕು ಇಳಿಯಿತು, ಆಮೇಲೆ ಅರೆಯುವ ಕಲ್ಲು, ಕೊನೆಗೆ ನಾಲ್ಕು ಜನ ಹೊತ್ತುಕೊಂಡು ಮಾಮಿಯ ಮಂಚ. ಹಲಸಿನ ಮರದ ಇಡೀ ಮಂಚ. ಕಾಲು, ಪಟ್ಟಿ ಯಾವುದನ್ನೂ ಬಿಚ್ಚಲಿಕ್ಕಾಗದಂತೆ ಹಿಂದಿನವರು ಬೆಸೆದು ಮಾಡಿದ್ದು. ಅದನ್ನು ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು, ಮಗುಚಿದರು. ಕೋಣೆಯ ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ.

ಹೊತ್ತವರು ಉಸ್ಸೆಂದು ಮಂಚವನ್ನು ಚಾವಡಿಯ ನಡುವೆ ಇಟ್ಟರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಮಿ ಮಾತ್ರ ನಿಶ್ಚಿಂತೆಯಿಂದ ನನ್ನ ಮುಖ ನೋಡಿದರು.

ನಳಿನಾಕ್ಷಿ ಒಳಗೆ ಹೋಗಿ, ಹಸಿರು ದೀಪ ಉರಿಯುತ್ತಿದ್ದ ಚಾರ್ಜರಿನಿಂದ ಬ್ಯಾಟರಿ ಬಿಡಿಸಿ, ಯಂತ್ರಕ್ಕೆ ಟಕ್ಕೆಂದು ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು.

"ಮಂಚ ನಮ್ಮ ಅಜ್ಜ ಮಾಡಿಸಿದ್ದು, ಅದಕ್ಕೆ ಕೈ ಹಾಕಬೇಡಿ," ಎಂದಳು. "ಬಾಗಿಲು ನಮ್ಮದೇ ಅಲ್ವಾ? ಕಡಿಯಿರಿ."